ಮೊದಲು ಹಿಕ್ಕೆ ನೋಡಿ, ಆಮೇಲೆ ಔಷಧಿ: ಮಳೆಗಾಲದ ಕೋಳಿಮರಿಗಳ ಜೊತೆ ನನ್ನ ಅನುಭವ

ಕೋಳಿಮರಿಗೆ ಕಾಯಿಲೆ ಬಂತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಯಾವ ಔಷಧಿ ಹಾಕ್ಬೇಕು?" ನಾನು ಕೇಳುವುದು ಬೇರೆ ಎರಡು ಪ್ರಶ್ನೆ. ಮರಿಗೆ ಎಷ್ಟು ದಿನ ಆಯ್ತು? ಹಿಕ್ಕೆ ಹೇಗಿದೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದ ಹಾಗೆಯೇ. ಮಿಕ್ಕ ಅರ್ಧ ಸತ್ತ ಮರಿಯ ಹೊಟ್ಟೆಯೊಳಗೆ ಇರುತ್ತದೆ. ಅದನ್ನು ತೆರೆದು ನೋಡದೆ ಪುಡಿ ಮೇಲೆ ಪುಡಿ ಹಾಕಿದರೆ ದುಡ್ಡೂ ಹೋಗುತ್ತೆ, ಮರಿಯೂ ಹೋಗುತ್ತೆ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ನಾಟಿ ಕೋಳಿ ಮೊದಲಿಂದಲೂ ಇದ್ದವು. ಅದರ ಜೊತೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ, ಸ್ವರ್ಣಧಾರ ತಳಿಯ ಮರಿಗಳನ್ನೂ ತಂದು ಸಾಕುತ್ತೇನೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಶೆಡ್ಡಿನ ಗೋಡೆ ಬೆವರುತ್ತೆ, ಕೆಳಗೆ ಹರಡಿದ ಭತ್ತದ ಹೊಟ್ಟು ಒದ್ದೆಯಾಗುತ್ತೆ. ಈ ತೇವ ಒಂದನ್ನು ಗೆದ್ದರೆ ಮರಿ ಸಾಕುವ ಕೆಲಸ ಬಹಳ ಹಗುರ.

ಮೊದಲ ವಾರದಿಂದಲೇ ಹೇಳ್ತೀನಿ. ಆ ವಾರದಲ್ಲಿ ಸಾಯುವ ಮರಿಗಳಲ್ಲಿ ಜಾಸ್ತಿ ಪಾಲು ಹೊರಗಿನ ರೋಗಕ್ಕೆ ಸಾಯುವುದಿಲ್ಲ. ಒಂದೋ ಮೊಟ್ಟೆಯಿಂದಲೇ ತೊಂದರೆ ತಂದಿರುತ್ತವೆ, ಇಲ್ಲವೇ ಕಾವು ಸಾಲದೆ ಸೊರಗಿರುತ್ತವೆ. ಹೊಕ್ಕುಳು ಮುಚ್ಚದೆ ಒದ್ದೆಯಾಗಿ, ಹೊಟ್ಟೆ ಉಬ್ಬಿ, ಕೈಗೆತ್ತಿಕೊಂಡರೆ ಕೆಟ್ಟ ವಾಸನೆ ಬರುವ ಮರಿಗೆ ಹೊಟ್ಟೆಯೊಳಗಿನ ಹಳದಿ ಭಾಗವೇ ಕೊಳೆತಿರುತ್ತದೆ. ಅಂಥದ್ದು ಬದುಕುವುದು ಬಹಳ ಕಷ್ಟ. ನಾನು ಅದನ್ನು ಬೇರೆ ಇಡುತ್ತೇನೆ, ಗುಂಪಿಗೆಲ್ಲ ಔಷಧಿ ಹಾಕುವುದಿಲ್ಲ. ಅಂಥ ಮರಿ ಮತ್ತೆ ಮತ್ತೆ ಬಂದರೆ ಮರಿ ತರುವ ಜಾಗ ಬದಲಾಯಿಸಬೇಕು.

ಕಾವಿನ ವಿಷಯದಲ್ಲಿ ಪುಸ್ತಕದ ಲೆಕ್ಕ ಮೊದಲ ವಾರಕ್ಕೆ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಸುತ್ತಾ ಹೋಗುವುದು. ಥರ್ಮಾಮೀಟರ್ ಇರಲಿ, ಆದರೆ ಮರಿಗಳೇ ಅದಕ್ಕಿಂತ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಹೋಗಿ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲ ಒಂದೇ ಮೂಲೆಗೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ರಾತ್ರಿ ಕರೆಂಟ್ ಹೋಗುವ ಊರಿನಲ್ಲಿ ಬಲ್ಬನ್ನೇ ನಂಬಿ ಮಲಗುವ ಹಾಗಿಲ್ಲ. ನಾನು ಮಡಕೆಯಲ್ಲಿ ಇದ್ದಿಲ ಕೆಂಡ ತಯಾರಿಟ್ಟಿರುತ್ತೇನೆ. ಹೊಗೆ ಹೊರಗೆ ಹೋಗಲು ದಾರಿ ಮಾತ್ರ ಇರಲೇಬೇಕು.

ಚಳಿ ತಗುಲಿದ ಮರಿಗೆ ಹಿಕ್ಕೆ ಹಿಂಭಾಗದಲ್ಲೇ ಅಂಟಿ ಒಣಗಿ ದಾರಿ ಕಟ್ಟಿಕೊಳ್ಳುತ್ತೆ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಎಳೆದರೆ ಚರ್ಮ ಕಿತ್ತುಬರುತ್ತೆ. ಒರೆಸಿ ಒಣಗಿಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಕಾವಿಗೆ ಬಿಡುತ್ತೇನೆ. ಒಂದು ಎಚ್ಚರ: ಅದಕ್ಕಿಂತ ಸ್ವಲ್ಪ ಕೆಳಗೆ, ಹೊಟ್ಟೆಯ ಕಡೆ ಕಾಣುವ ಒಣಗಿದ ಚುಕ್ಕೆ ಹೊಕ್ಕುಳು. ಅದನ್ನು ಹಿಕ್ಕೆ ಅಂದುಕೊಂಡು ಕೀಳಬಾರದು. ಕಾವು ಸರಿ ಮಾಡಿದ ಮೇಲೂ ಬಿಳಿ ಭೇದಿ ಮುಂದುವರಿದು, ಎರಡನೇ ವಾರದಲ್ಲಿ ಸಾವು ಏರುತ್ತಾ ಹೋದರೆ ಅದು ತಾಯಿಕೋಳಿಯಿಂದ ಮೊಟ್ಟೆಗೆ ಬರುವ ಪುಲ್ಲೋರಮ್ ಅನ್ನುವ ಬ್ಯಾಕ್ಟೀರಿಯಾ ರೋಗ ಇರಬಹುದು. ಅಲ್ಲಿಗೆ ಮನೆಯ ಅಂದಾಜು ನಿಲ್ಲಿಸಿ ಲ್ಯಾಬಿಗೆ ಕಳಿಸುವುದೇ ಸರಿ.

ಈಗ ನನಗೆ ಜಾಸ್ತಿ ಕಾಟ ಕೊಟ್ಟ ರೋಗಕ್ಕೆ ಬರ್ತೀನಿ. ರಕ್ತಭೇದಿ, ಡಾಕ್ಟರ ಮಾತಿನಲ್ಲಿ ಕಾಕ್ಸಿಡಿಯೋಸಿಸ್.

ಒಂದು ಜುಲೈಯಲ್ಲಿ ನಾಲ್ಕನೇ ವಾರಕ್ಕೆ ಬಿದ್ದಿದ್ದ ಗಿರಿರಾಜ ಮರಿಗಳಿದ್ದವು. ಬೆಳಿಗ್ಗೆ ಮೇವು ಹಾಕಿದಾಗ ಎಲ್ಲ ಓಡಿ ಬಂದವು, ಕೆಲವು ಬರಲಿಲ್ಲ. ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ತೂಕಡಿಸುತ್ತಿದ್ದವು. ಒಂದನ್ನು ಎತ್ತಿದೆ. ಕೊರಳ ಬುಡದ ಚೀಲ ಖಾಲಿ. ಜುಟ್ಟು, ಕಾಲು ಎರಡೂ ಬಿಳಚಿಕೊಂಡಿದ್ದವು. ಹಿಂದಿನ ಪುಕ್ಕಕ್ಕೆ ಕೆಂಪು ಮೆತ್ತಿತ್ತು. ನೀರಿನ ಡಬ್ಬಿಯ ಸುತ್ತಲಿನ ಹೊಟ್ಟನ್ನು ಹಿಡಿ ತುಂಬಾ ತೆಗೆದು ಹಿಂಡಿದೆ. ಉಂಡೆ ಕಟ್ಟಿತು. ಒಣ ಹೊಟ್ಟು ಕೈ ಬಿಟ್ಟರೆ ಉದುರಿ ಹೋಗಬೇಕು.

ಹಿಕ್ಕೆಯ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಆರೋಗ್ಯವಾಗಿರುವ ಮರಿಯೂ ದಿನಕ್ಕೆ ಕೆಲವು ಸಲ ಕಂದು ಬಣ್ಣದ, ಅಂಟಂಟಾದ, ಗಬ್ಬು ವಾಸನೆಯ ಹಿಕ್ಕೆ ಹಾಕುತ್ತೆ. ಅದು ಭೇದಿ ಅಲ್ಲ. ಕರುಳಿನ ಕೊನೆಯಲ್ಲಿರುವ ಜೋಡಿ ಕುರುಡು ಚೀಲ ಖಾಲಿಯಾಗುವ ರೀತಿ ಅದು. ಒಮ್ಮೊಮ್ಮೆ ಕರುಳಿನ ಒಳಪದರ ಉದುರಿ ತೆಳು ಕೆಂಪು ಎಳೆ ಕಾಣುವುದೂ ಉಂಟು. ಮರಿ ಚುರುಕಾಗಿ ತಿಂದು ಓಡಾಡುತ್ತಿದ್ದರೆ ಅದಕ್ಕೆ ಹೆದರಬೇಕಿಲ್ಲ. ಹಸಿ ರಕ್ತ, ಅಥವಾ ಕಂದು ಲೋಳೆಯ ಜೊತೆ ರಕ್ತ, ಅದರ ಜೊತೆ ತೂಕಡಿಕೆ, ವಯಸ್ಸು ಮೂರರಿಂದ ಆರು ವಾರ: ಇವೆಲ್ಲ ಕೂಡಿ ಬಂದರೆ ಮಾತ್ರ ನನ್ನ ಅನುಮಾನ ರಕ್ತಭೇದಿ ಕಡೆ ತಿರುಗುತ್ತೆ.

ಅಂದು ಸತ್ತಿದ್ದ ಒಂದು ಮರಿಯನ್ನು ಗ್ಲೌಸ್ ಹಾಕಿಕೊಂಡು ಕತ್ತರಿಯಲ್ಲಿ ತೆರೆದೆ. ನಮ್ಮ ಪಶು ಆಸ್ಪತ್ರೆಯ ಡಾಕ್ಟ್ರು ಹೇಳಿಕೊಟ್ಟ ಕೆಲಸ ಇದು. ಎದೆಮೂಳೆಯ ಕೆಳಗಿನಿಂದ ಕತ್ತರಿಸಿ, ಕರುಳನ್ನು ಬಿಡಿಸಿ, ಆ ಎರಡು ಕುರುಡು ಚೀಲ ಹುಡುಕಬೇಕು. ಅವು ಊದಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಸೀಳಿದರೆ ಒಳಗೆಲ್ಲ ರಕ್ತದ ಹೆಪ್ಪು. ಇದು ಐಮೀರಿಯಾ ಟೆನೆಲ್ಲಾ ಅನ್ನುವ ಪರೋಪಜೀವಿಯ ಕೆಲಸ. ಇಷ್ಟು ಸ್ಪಷ್ಟ ಗುರುತು ಬಿಡುವ ಮರಿರೋಗ ಕಡಿಮೆ.

ಇದರ ನಡೆ ಗೊತ್ತಿದ್ದರೆ ಚಿಕಿತ್ಸೆಯೂ ಅರ್ಥ ಆಗುತ್ತೆ. ಹಿಕ್ಕೆಯಲ್ಲಿ ಹೊರಬೀಳುವ ಈ ಪರೋಪಜೀವಿಯ ಸೂಕ್ಷ್ಮ ಮೊಟ್ಟೆಗಳು ಬಿದ್ದ ಕೂಡಲೇ ರೋಗ ತರುವುದಿಲ್ಲ. ಬೆಚ್ಚಗೆ, ತೇವವಾಗಿ ಇದ್ದರೆ ಒಂದೆರಡು ದಿನದಲ್ಲಿ ಹಣ್ಣಾಗುತ್ತವೆ. ಹೊಟ್ಟು ಕೆದಕುವ ಮರಿ ಅದನ್ನು ನುಂಗುತ್ತೆ. ವಾರ ತುಂಬುವುದರೊಳಗೆ ಆ ಮರಿ ಲೆಕ್ಕವಿಲ್ಲದಷ್ಟು ಹೊಸ ಮೊಟ್ಟೆ ಹೊರಹಾಕುತ್ತೆ. ಅದಕ್ಕೇ ಮೊದಲು ಒಂದೆರಡು ಮರಿ ಮಂಕಾಗಿ, ಆಮೇಲೆ ಒಮ್ಮೆಗೇ ಗುಂಪು ಮಲಗುವುದು. ತಾಯಿ ಜೊತೆ ತೋಟವೆಲ್ಲ ಸುತ್ತುವ ನಾಟಿ ಮರಿಗೆ ಇದು ಕಡಿಮೆ, ಯಾಕಂದ್ರೆ ಅಲ್ಲಿ ಹಿಕ್ಕೆ ಚದುರಿ ಬೀಳುತ್ತೆ. ಚೂರುಪಾರು ಸೋಂಕು ತಗುಲಿ ಮೈ ತಾನೇ ತಡೆದುಕೊಳ್ಳಲು ಕಲಿಯುತ್ತೆ.

ಔಷಧಿಗಿಂತ ಮೊದಲು ಸಲಿಕೆ ಹಿಡಿದೆ. ಒದ್ದೆ ಹೊಟ್ಟನ್ನೆಲ್ಲ ಎತ್ತಿ ದೂರದ ಗುಂಡಿಗೆ ಹಾಕಿ ಮುಚ್ಚಿದೆ. ನೆಲ ಒಣಗಿಸಿ ಹೊಸ ಹೊಟ್ಟು ಎರಡು ಇಂಚು ಹರಡಿದೆ. ಫಿನಾಯಿಲ್ ಥರದ ಮಾಮೂಲಿ ದ್ರಾವಣಕ್ಕೆ ಈ ಮೊಟ್ಟೆಗಳು ಬಗ್ಗುವುದಿಲ್ಲ. ಅವುಗಳಿಗೆ ಆಗದಿರುವುದು ಒಣ ನೆಲ ಮತ್ತು ಬಿಸಿ. ನೀರಿನ ಡಬ್ಬಿಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲೆ ಏರಿಸಿದೆ. ಹೀಗೆ ಮಾಡಿದರೆ ನೀರು ಚೆಲ್ಲುವುದೂ ಕಡಿಮೆ, ಹಿಕ್ಕೆ ಬೀಳುವುದೂ ಕಡಿಮೆ.

ಔಷಧಿ ಆಂಪ್ರೋಲಿಯಂ. ಕಾಯಿಲೆ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತೆ, ಅದಕ್ಕೆ ನೀರಿನಲ್ಲೇ ಕೊಡುವುದು. ಡಾಕ್ಟ್ರ ಲೆಕ್ಕ ಹೀಗಿತ್ತು: ಶೇ. 20ರ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂ, ಮೂರರಿಂದ ಐದು ದಿನ. ಆಮೇಲೆ ಅದರ ಕಾಲು ಭಾಗ, ಅಂದರೆ ಲೀಟರಿಗೆ 0.3 ಗ್ರಾಂ, ಇನ್ನೊಂದೆರಡು ವಾರ. ಪ್ಯಾಕೆಟ್ ಮೇಲೆ ಶೇಕಡಾವಾರು ಬೇರೆ ಇದ್ದರೆ ಲೆಕ್ಕವೂ ಬೇರೆ, ಓದದೆ ಹಾಕಬೇಡಿ. ಚಮಚದ ಅಳತೆಯೂ ಬೇಡ, ಅಡುಗೆ ಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನಾಲ್ಕು ಲೀಟರಿಗೆ ಸುಮಾರು 5 ಗ್ರಾಂ ಬರುತ್ತೆ. ದಿನಾ ಹೊಸದಾಗಿ ಕಲಸಬೇಕು. ಬೇರೆ ನೀರು ಎಲ್ಲೂ ಸಿಗಬಾರದು. ಮಳೆಗಾಲದಲ್ಲಿ ಇದೇ ಕಷ್ಟ, ಸೋರುವ ಹಂಚಿನ ಕೆಳಗಿನ ಗುಂಡಿ ನೀರನ್ನು ಕುಡಿದು ಬರುತ್ತವೆ.

ಇನ್ನೊಂದು ಮಾತು. ಆಂಪ್ರೋಲಿಯಂ ನೋಡಲು ಬಿ1 ವಿಟಮಿನ್ ಥರ ಇರುತ್ತೆ. ಆ ಪರೋಪಜೀವಿ ಮೋಸ ಹೋಗಿ ಅದನ್ನೇ ಒಳಗೆ ತೆಗೆದುಕೊಂಡು ಸೊರಗುತ್ತೆ. ಹಾಗಾಗಿ ಆ ದಿನಗಳಲ್ಲಿ ಪ್ರೀತಿಯಿಂದ ಬಿ-ಕಾಂಪ್ಲೆಕ್ಸ್ ಸೇರಿಸಿದರೆ ಔಷಧಿಯ ಕೆಲಸಕ್ಕೇ ಅಡ್ಡಿ. ರಕ್ತ ನಿಲ್ಲಲು ವಿಟಮಿನ್ ಕೆ, ಕರುಳು ಮಾಯಲು ವಿಟಮಿನ್ ಎ ಕೊಡಬಹುದು. ಬಿ-ಕಾಂಪ್ಲೆಕ್ಸ್ ಆ ಕೋರ್ಸ್ ಮುಗಿದ ಮೇಲೆ.

ನೀರಿಗೂ ಬಾರದಷ್ಟು ಸೋತ ಮರಿಗಳನ್ನು ಬೇರೆ ಬುಟ್ಟಿಗೆ ಹಾಕಿ ಬಲ್ಬಿನ ಕೆಳಗಿಟ್ಟೆ. ಅದೇ ಔಷಧಿ ನೀರನ್ನು ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ತಾಗಿಸಿದೆ. ಬಾಯಿ ತೆರೆದು ಸುರಿದರೆ ಶ್ವಾಸಕ್ಕೆ ಹೋಗಿ ಅಲ್ಲೇ ಸಾಯುತ್ತೆ. ಮೂರನೇ ದಿನಕ್ಕೆ ಹಿಕ್ಕೆಯಲ್ಲಿ ಕೆಂಪು ಕಡಿಮೆ ಆಯಿತು. ಬುಟ್ಟಿಯಲ್ಲಿದ್ದವುಗಳಲ್ಲಿ ಕೆಲವು ಉಳಿಯಲಿಲ್ಲ. ಹೊರಗಿದ್ದವು ಬಹುತೇಕ ಉಳಿದವು, ಆದರೆ ತೂಕ ಹಿಡಿಯಲು ಬಹಳ ನಿಧಾನ ಮಾಡಿದವು. ಮನೆಯವರು ಅರಿಶಿನ, ಬೆಳ್ಳುಳ್ಳಿ ಅರೆದು ಹಾಕಿ ಅಂದರು. ಹಾಕಿದರೆ ತಪ್ಪೇನಿಲ್ಲ. ಆದರೆ ರಕ್ತ ಹೋಗುತ್ತಿರುವಾಗ ಅದನ್ನೇ ನಂಬಿ ಎರಡು ದಿನ ಕಾಯುವುದನ್ನು ನಾನು ಒಪ್ಪುವುದಿಲ್ಲ.

ಕಾಲು ಬಿದ್ದುಹೋಗುವ ಮರಿಗಳ ವಿಷಯ ಬೇರೆ. ಪಕ್ಕದ ಮನೆಯ ಹುಡುಗ ಒಮ್ಮೆ ಪುಡಿ ಪೊಟ್ಟಣ ಹಿಡಿದು ಬಂದ. "ಅತ್ತೆ, ಮರಿಗಳು ನಡೀತಾನೇ ಇಲ್ಲ. ಅಂಗಡೀಲಿ ಇದು ಕೊಟ್ರು, ಹಾಕ್ಲಾ?" ಅದು ಆ್ಯಂಟಿಬಯೋಟಿಕ್. "ಸ್ವಲ್ಪ ತಡಿಯೋ, ಮೊದ್ಲು ಒಂದು ಮರಿ ತಂದು ತೋರ್ಸು" ಅಂದೆ. ಮರಿಯ ಕಣ್ಣು ಚುರುಕಾಗಿತ್ತು, ಹಸಿವೂ ಇತ್ತು. ಕಾಲ್ಬೆರಳು ಮಾತ್ರ ಒಳಕ್ಕೆ ಮಡಚಿ, ಮೊಣಕಾಲೂರಿ ತೆವಳುತ್ತಿತ್ತು. "ಏನು ಹಾಕ್ತೀರಾ ತಿನ್ನಕ್ಕೆ?" "ನುಚ್ಚಕ್ಕಿ ಅತ್ತೆ, ಅಷ್ಟೇ." ಬಿ2 ವಿಟಮಿನ್ ಕೊರತೆ. ನುಚ್ಚಕ್ಕಿ ಒಂದರಲ್ಲೇ ಮರಿ ಬೆಳೆಯಲಾರದು. ಚಿಕ್ಕ ಮರಿಗಳಿಗೆಂದೇ ಮಾಡಿದ ಸ್ಟಾರ್ಟರ್ ಫೀಡ್ ಶುರು ಮಾಡಿಸಿ, ಬಿ-ಕಾಂಪ್ಲೆಕ್ಸ್ ಹನಿ ನೀರಿಗೆ ಹಾಕಿಸಿದೆ. ಆಗಷ್ಟೇ ಮಡಚಲು ಶುರುವಾಗಿದ್ದ ಮರಿಗಳು ಎದ್ದು ನಡೆದವು. ತುಂಬಾ ದಿನದಿಂದ ಮಡಚಿಕೊಂಡಿದ್ದವು ಸರಿಹೋಗಲಿಲ್ಲ.

ಉಸಿರಾಟಕ್ಕೆ ಕಿವಿ ಬೇಕು. ರಾತ್ರಿ ಮರಿಗಳು ಮಲಗಿದ ಮೇಲೆ ಶೆಡ್ಡಿನಲ್ಲಿ ಸುಮ್ನೆ ನಿಂತು ಕೇಳುತ್ತೇನೆ. ಗೊರಗೊರ, ಸೀನು ಕೇಳಿದರೆ ಸಿಆರ್‌ಡಿ (ಬಹಳ ದಿನ ಕಾಡುವ ಶ್ವಾಸದ ಸೋಂಕು) ಥರದ ರೋಗ, ಇಲ್ಲವೇ ಹಿಕ್ಕೆಯ ಅಮೋನಿಯಾ ಘಾಟು. ನನ್ನ ಕಣ್ಣೇ ಉರಿದರೆ ಮರಿಗೆ ಹೇಗಾಗಬೇಡ, ಅಲ್ವಾ? ಕೊಕ್ಕು ತೆರೆದು ಕತ್ತು ಚಾಚಿ ಎಳೆದೆಳೆದು ಉಸಿರಾಡುತ್ತಿದೆ, ಆದರೆ ಸದ್ದಿಲ್ಲ ಅಂದರೆ ಬೂಸ್ಟು ಹಿಡಿದ ಹೊಟ್ಟಿನ ಮೇಲೆ ಅನುಮಾನ. ಆ ಶಿಲೀಂಧ್ರ ಶ್ವಾಸಕೋಶದಲ್ಲಿ ಹಳದಿ-ಬಿಳಿ ಗಂಟು ಕಟ್ಟುತ್ತೆ. ಅದಕ್ಕೆ ನಂಬುವಂಥ ಚಿಕಿತ್ಸೆ ಇಲ್ಲ, ಹೊಟ್ಟು ಬದಲಿಸುವುದೇ ದಾರಿ. ಸಿಆರ್‌ಡಿಗೆ ಟಯಾಮುಲಿನ್ ಅನ್ನುವ ಆ್ಯಂಟಿಬಯೋಟಿಕ್ ಕೊಡುವ ಮುಂಚೆ ಫೀಡ್ ಚೀಲದ ಚೀಟಿ ಓದಿ. ಅದರಲ್ಲಿ ರಕ್ತಭೇದಿ ತಡೆಯಲು ಬೆರೆಸುವ ಮೊನೆನ್ಸಿನ್ ಅಥವಾ ಸಲಿನೊಮೈಸಿನ್ ಇದ್ದರೆ ಎರಡೂ ಸೇರಿ ವಿಷವಾಗುತ್ತೆ. ಭೇದಿಗೆ ಹಿಂದೆ ಎಲ್ಲರೂ ಬಳಸುತ್ತಿದ್ದ ಕೊಲಿಸ್ಟಿನ್ ಆ್ಯಂಟಿಬಯೋಟಿಕ್ ಕೋಳಿಗೆ 2019ರಿಂದ ನಿಷೇಧ. ಹಳೆ ಪೊಟ್ಟಣ ಮನೆಯಲ್ಲಿದ್ದರೆ ತೆಗೆದುಬಿಡಿ.

ಕೊಕ್ಕರೆ ರೋಗ (ರಾಣಿಖೇತ್), ಗುಂಬೊರೊ ಎರಡೂ ವೈರಸ್ ರೋಗ, ಅವಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ. ಹಸಿರು ಭೇದಿ, ಉಬ್ಬಸ, ಕತ್ತು ತಿರುಚಿಕೊಳ್ಳುವುದು ಕಂಡರೆ ಕೊಕ್ಕರೆ ರೋಗ ಒಳಗೆ ಬಂದಾಗಿದೆ. ನಾನು ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯಾದ ಎಫ್1 ಅಥವಾ ಲಸೋಟಾ ಕಣ್ಣಿಗೆ ಒಂದು ಹನಿ, ಎರಡನೇ ವಾರದ ಕೊನೆಗೆ ಗುಂಬೊರೊ, ನಾಲ್ಕೈದನೇ ವಾರಕ್ಕೆ ಮತ್ತೆ ಲಸೋಟಾ, ಎಂಟನೇ ವಾರದಲ್ಲಿ ಕೊಕ್ಕರೆ ರೋಗದ್ದೇ ಆರ್2ಬಿ ಚುಚ್ಚುಮದ್ದು ಹಾಕಿಸುತ್ತೇನೆ. ಲಸಿಕೆ ಸಿಗುವುದು ಸಾಮಾನ್ಯವಾಗಿ 100 ಡೋಸಿನಿಂದ ಮೇಲೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತಿಪ್ಪತ್ತು ಮರಿ ಇರುವವರು ಒಬ್ಬೊಬ್ಬರೇ ತಂದರೆ ದಂಡ. ನಮ್ಮ ಕೇರಿಯವರು ಒಂದೇ ದಿನ ಮಾತಾಡಿಕೊಂಡು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ತಂದು, ಸಂಜೆ ತಂಪು ಹೊತ್ತಲ್ಲಿ ಮನೆಯಿಂದ ಮನೆಗೆ ಹಾಕುತ್ತಾ ಹೋಗುತ್ತೇವೆ. ಮಂಕಾದ ಗುಂಪಿಗೆ ಲಸಿಕೆ ಹಾಕುವುದಿಲ್ಲ. ರಕ್ತಭೇದಿ ಇದ್ದ ಆ ಗುಂಪಿಗೆ ಲಸೋಟಾ ಮುಂದೂಡಿ, ಮರಿಗಳು ಚೇತರಿಸಿಕೊಂಡ ಮೇಲೇ ಹಾಕಿದ್ದು.

ಸತ್ತ ಮರಿಯನ್ನು ತೆರೆಯಿರಿ ಅಂದೆ, ಅದಕ್ಕೂ ಮಿತಿ ಇದೆ. ಚಿಕ್ಕದು ದೊಡ್ಡದು ಅನ್ನದೆ ಕೋಳಿಗಳು ಒಮ್ಮೆಗೇ ಪಟಪಟ ಉರುಳಿದರೆ ಮುಟ್ಟಲೇಬೇಡಿ. ಹಕ್ಕಿಜ್ವರ ಇರಬಹುದು. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಉಳಿದ ಸಂದರ್ಭದಲ್ಲಿ ಲ್ಯಾಬಿಗೆ ಕಳಿಸುವುದಾದರೆ ಆಗಷ್ಟೇ ಸತ್ತ ಮರಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್ ಡಬ್ಬಿಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿ ಕರಗಿದ ಅಂಗಾಂಗ ನೋಡಿ ಡಾಕ್ಟ್ರಿಗೆ ಹೇಳುವುದು ಕಷ್ಟ. ಕಾಯಿಲೆ ಬಿದ್ದ, ಇನ್ನೂ ಜೀವ ಇರುವ ಒಂದೆರಡು ಮರಿ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಒಂದು ಚೀಟಿಯಲ್ಲಿ ಮರಿಯ ವಯಸ್ಸು, ಎಷ್ಟು ಸತ್ತವು, ಯಾವ ಲಸಿಕೆ ಎಂದು ಹಾಕಿದ್ದು, ಏನು ಮೇವು, ಯಾವ ಔಷಧಿ ಈಗಾಗಲೇ ಕೊಟ್ಟಾಗಿದೆ ಅಂತ ಬರೆದು ಡಬ್ಬಿಗೆ ಅಂಟಿಸಿ. ಹೆಬ್ಬಾಳದ ಲ್ಯಾಬಿರಲಿ, ನಿಮ್ಮ ಜಿಲ್ಲೆಯ ಪಶು ಆಸ್ಪತ್ರೆಯಿರಲಿ, ಅವರು ಮೊದಲು ಕೇಳುವುದು ಇದನ್ನೇ.