ಕೋಶದ ಹೊರಗಿನ ಎಟಿಪಿ ಕೊನೆಗೂ ಅಳತೆಗೆ ಸಿಕ್ಕಿದ ಬಗೆ: ನನ್ನ ಅನುಭವ

ಎ549 ಎಂಬ ಶ್ವಾಸಕೋಶದ ಕೋಶಗಳು ನೀರು ಹೀರಿ ಉಬ್ಬಿದಾಗ ಹೊರಬಿಡುವ ಎಟಿಪಿಯನ್ನು (ಕೋಶಗಳಿಗೆ ಶಕ್ತಿ ಒದಗಿಸುವ ಅಣುವನ್ನು) ನಮ್ಮ ಸಣ್ಣ ಪ್ರಯೋಗಾಲಯದಲ್ಲೇ ಅಳೆಯುತ್ತೇನೆಂದಾಗ, ಹಿರಿಯ ಸಹೋದ್ಯೋಗಿಯೊಬ್ಬರು, "ನೀವು ಅಳೆಯುವುದು ಒಡೆದ ಕೋಶಗಳ ಸೋರಿಕೆಯನ್ನೇ ಹೊರತು ಸಂಕೇತವನ್ನಲ್ಲ" ಎಂದಿದ್ದರು. ಅವರ ಅನುಮಾನಕ್ಕೆ ಆಧಾರವಿತ್ತು. ಕೋಶದ ಒಳಗೆ ಮಿಲಿಮೋಲಾರ್, ಹೊರಗೆ ಅದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆಯಾದ ನ್ಯಾನೋಮೋಲಾರ್ ಪ್ರಮಾಣದಲ್ಲಿ ಇರುವ ವಸ್ತುವಿನ ವಿಷಯದಲ್ಲಿ ಸಾವಿರಕ್ಕೊಂದು ಕೋಶ ಒಡೆದರೂ ಲೆಕ್ಕ ಕೆಡುತ್ತದೆ. ವಿಜ್ಞಾನಿ ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಪ್ಯೂರಿನರ್ಜಿಕ್ ನರಗಳ, ಅಂದರೆ ಎಟಿಪಿಯನ್ನೇ ಸಂದೇಶವಾಗಿ ಬಿಡುವ ನರಗಳ, ವಿಚಾರವನ್ನು ಮಂಡಿಸಿದಾಗಲೂ, ಶಕ್ತಿಯ ಕಣವೊಂದು ಸಂದೇಶವಾಹಕವಾಗುವುದೆಂದು ಹಲವರು ಒಪ್ಪಿರಲಿಲ್ಲ.

ಮೊದಲ ಎಂಟು ತಿಂಗಳು ವ್ಯರ್ಥವಾದವು. ಕೋಶಗಳಿರುವ ಪೋಷಕ ದ್ರವವನ್ನು ಬದಲಿಸಿದ ಹತ್ತು ನಿಮಿಷಕ್ಕೇ, ಎಟಿಪಿ ಸಿಕ್ಕರೆ ಬೆಳಕು ಬೀರುವ ಲೂಸಿಫರೇಸ್ ಎಂಬ ಕಿಣ್ವ ಹಾಕಿ ಬೆಳಕನ್ನು ಓದುತ್ತಿದ್ದೆ. ಏನೂ ಮಾಡದ ಕೋಶಗಳೂ ಹೊಳೆಯುತ್ತಿದ್ದವು. ಪಿಪೆಟ್ಟಿನ ಹರಿವಿನ ಹೊಡೆತಕ್ಕೇ ಕೋಶಗಳು ಎಟಿಪಿ ಬಿಡುತ್ತಿದ್ದವೆಂದು ತಿಳಿದ ಮೇಲೆ, ಕೋಶಗಳಿರುವ ಗುಣಿಗಳ ಪ್ಲೇಟನ್ನು ಬೆಳಕು ಅಳೆಯುವ ಯಂತ್ರದೊಳಗೇ ಸುಮಾರು ಒಂದೂವರೆ ಗಂಟೆ ಮುಟ್ಟದೆ ಬಿಡತೊಡಗಿದೆ. ಮೂಲ ಓದು ಐದಾರು ನ್ಯಾನೋಮೋಲಾರ್‌ಗೆ ಇಳಿಯಿತು. ಕೋಶಗಳನ್ನು ಕದಡದೆ ದ್ರಾವಣ ಸೇರಿಸಲು ಪಿಪೆಟ್ಟಿನ ತುದಿಯನ್ನು ಹೇಗೆ ಮಾರ್ಪಡಿಸಿಕೊಂಡೆನೆಂಬುದನ್ನು ನಮ್ಮ ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ.

ಹೆಚ್ಚು ನೋವು ಕೊಟ್ಟದ್ದು ಉಪ್ಪು. ಕೋಶಗಳನ್ನು ಉಬ್ಬಿಸಲು ಸೋಡಿಯಂ ಕ್ಲೋರೈಡ್ (ಉಪ್ಪು) ಕಡಿಮೆ ಮಾಡಿದ ದ್ರಾವಣವನ್ನು ಹಾಕಿದೊಡನೆ ಬೆಳಕು ಏರಿತೆಂದು ಸಂತೋಷಪಟ್ಟು, ಆ ಫಲಿತಾಂಶವನ್ನು ವಿಭಾಗದ ಸಭೆಯಲ್ಲಿಯೂ ತೋರಿಸಿದ್ದೆ. ಮರುವಾರ ಕೋಶಗಳೇ ಇಲ್ಲದ ಗುಣಿಗಳಿಗೆ ಗೊತ್ತಿರುವ ಪ್ರಮಾಣದ ಎಟಿಪಿ ಹಾಕಿ ನೋಡಿದರೆ ಅಲ್ಲಿಯೂ ಬೆಳಕು ಏರಿತು. ಉಪ್ಪು ಲೂಸಿಫರೇಸನ್ನು ಕುಗ್ಗಿಸುತ್ತದೆ. ಉಪ್ಪು ತೆಗೆದರೆ ಕಿಣ್ವವೇ ಚುರುಕಾಗುತ್ತದೆ. ಆ ಫಲಿತಾಂಶವನ್ನು ನಾನೇ ಹಿಂತೆಗೆದುಕೊಂಡೆ. ಅಂದಿನಿಂದ ಉಬ್ಬಿಸುವ ದ್ರಾವಣ, ಹೋಲಿಕೆಯ ದ್ರಾವಣ ಎರಡರಲ್ಲೂ ಉಪ್ಪನ್ನು 70 ಮಿಲಿಮೋಲಾರ್‌ನಷ್ಟೇ ಇರಿಸಿ, ಕೋಶಗಳು ಉಬ್ಬದಂತೆ ಹೋಲಿಕೆಯ ದ್ರಾವಣಕ್ಕೆ ಮಾತ್ರ ಸುಮಾರು 140 ಮಿಲಿಮೋಲಾರ್ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ಸೇರಿಸುತ್ತಿದ್ದೇನೆ. ಕೋಶದ ಮೇಲೆ ಎಟಿಪಿಯನ್ನು ಗುರುತಿಸುವ ಗ್ರಾಹಕಗಳನ್ನು (ರಿಸೆಪ್ಟರ್) ತಡೆಯುವ ಸುರಾಮಿನ್ ಎಂಬ ಔಷಧ ಕೂಡ ಲೂಸಿಫರೇಸನ್ನು ತಡೆಯುತ್ತದೆ. ಆದ್ದರಿಂದ ಔಷಧ ಬದಲಾದಾಗಲೆಲ್ಲ ಅದೇ ಔಷಧದೊಂದಿಗೆ, ಬೆಳಕಿನಿಂದ ಎಟಿಪಿಯನ್ನು ಲೆಕ್ಕ ಹಾಕುವ ಪ್ರಮಾಣ ರೇಖೆಯನ್ನು ಹೊಸದಾಗಿ ಎಳೆಯಬೇಕಾಗುತ್ತದೆ. ಕಿಟ್‌ಗಳಿಗೇ ಒಂದೂವರೆ ಲಕ್ಷದಷ್ಟು ಹೋಯಿತು. ಅದರಲ್ಲಿ ನಲವತ್ತು ಸಾವಿರದ ಒಂದು ಪೆಟ್ಟಿಗೆ, ರಾತ್ರಿಯಿಡೀ ಕರೆಂಟ್ ಹೋಗಿ ಫ್ರೀಜರ್ ಕರಗಿದ್ದರಿಂದ ಕೆಟ್ಟಿತು.

ಹಣ ಉಳಿಸಲು ಹೋಗಿ ಒಂದು ತಿಂಗಳು ಆಲೂಗಡ್ಡೆಯ ಹಿಂದೆಯೂ ಬಿದ್ದೆ. ಬೆಳಕು ಎಟಿಪಿಯದ್ದೇ ಎಂದು ಖಚಿತಪಡಿಸಲು ಬೇಕಾದ, ಎಟಿಪಿಯನ್ನು ಒಡೆಯುವ ಅಪೈರೇಸ್ ಎಂಬ ಕಿಣ್ವ ಮಾರಾಟಕ್ಕೆ ಬರುವುದು ಹೆಚ್ಚಾಗಿ ಆಲೂಗಡ್ಡೆಯಿಂದ. ಹಾಸನದ ಆಲೂಗಡ್ಡೆ ಕೈಗೆ ಸಿಗುವಾಗ ಹೊರಗಿನಿಂದ ಏಕೆ ತರಿಸಬೇಕೆನಿಸಿತು. ರಸ ಹಾಕಿದಾಗ ಬೆಳಕು ಆರಿತು, ಆದರೆ ಕಿಣ್ವ ನಾಶವಾಗುವಂತೆ ಕುದಿಸಿದ ರಸಕ್ಕೂ ಅದು ಅರ್ಧಕ್ಕೆ ಇಳಿಯಿತು; ರಸದ ಕಂದು ಬಣ್ಣವೇ ಬೆಳಕನ್ನು ನುಂಗುತ್ತಿತ್ತು. ಕೊನೆಗೆ ಕೊಂಡ ಕಿಣ್ವಕ್ಕೇ ಮರಳಿದೆ, ಆದರೆ ಅದನ್ನೂ ಕುದಿಸಿ ಹೋಲಿಸುವ ಅಭ್ಯಾಸ ಉಳಿಯಿತು.

ಇಷ್ಟು ಹಟ ಹಿಡಿದದ್ದಕ್ಕೆ ಕಾರಣವಿದೆ. ಪಿ2ವೈ2 ಎಂಬ ಎಟಿಪಿ ಗ್ರಾಹಕವು ಮೈಕ್ರೋಮೋಲಾರ್‌ಗೂ ಕಡಿಮೆ ಎಟಿಪಿಗೆ ಸ್ಪಂದಿಸಿ ಶ್ವಾಸನಾಳದ ಒಳಮೈಯನ್ನು ತೇವವಾಗಿಡಲು ನೆರವಾಗುತ್ತದೆ. ಉರಿಯೂತವನ್ನು ಹೊತ್ತಿಸುವ ಪಿ2ಎಕ್ಸ್7 ಎಂಬ ಇನ್ನೊಂದು ಗ್ರಾಹಕ ತೆರೆಯಲು ನೂರಾರು ಮೈಕ್ರೋಮೋಲಾರ್ ಬೇಕು. ಅಳತೆ ತಪ್ಪಿದರೆ ರಕ್ಷಣೆಯ ಸಂಕೇತವನ್ನೇ ರೋಗದ ಸಂಕೇತವೆಂದು ಓದುತ್ತೇವೆ.

ಅಂತಿಮ ಸುತ್ತಿನಲ್ಲಿ ಉಬ್ಬಿದ ಕೋಶಗಳ ಓದು ಐದಾರರಿಂದ ನೂರೈವತ್ತು ನ್ಯಾನೋಮೋಲಾರ್‌ವರೆಗೆ ಏರಿ ಹತ್ತು ನಿಮಿಷದಲ್ಲಿ ಇಳಿಯತೊಡಗಿತು. ಅಪೈರೇಸ್ ಹಾಕಿದ ಗುಣಿಗಳು ಕತ್ತಲಾಗಿಯೇ ಉಳಿದವು. ಒಡೆದ ಕೋಶಗಳಿಂದ ಸೋರುವ ಎಲ್‌ಡಿಎಚ್ ಎಂಬ ಕಿಣ್ವ ಉಬ್ಬಿದ ಕೋಶಗಳಲ್ಲೂ ಹೋಲಿಕೆಯ ಕೋಶಗಳಲ್ಲೂ ಒಂದೇ ಪ್ರಮಾಣದಲ್ಲಿತ್ತು. ಆರು ಬಾರಿ ಮಾಡಿದೆ, ಆರು ಬಾರಿಯೂ ಅದೇ ಫಲಿತಾಂಶ ಬಂತು. ಅದೇ ಹಿರಿಯರು ಹಾಳೆಗಳನ್ನು ಎರಡು ಸಲ ತಿರುವಿ ನೋಡಿ, ಮುಂದಿನ ವಾರದ ಪ್ಲೇಟಿನಲ್ಲಿ ತಮ್ಮ ಕೋಶಗಳಿಗೂ ಎರಡು ಸಾಲು ಬಿಡಬಹುದೇ ಎಂದು ಕೇಳಿದರು.