ಹಾರುಬೂದಿಯ ಬ್ಲಾಕ್ ಮಾಡಲು ಹೋಗಿ ಗುಳ್ಳೆಯ ಜೊತೆ ಗುದ್ದಾಡಿದ್ದು

ಕಲ್ಲಿದ್ದಲು ಉರಿದ ಹೊಗೆಯಿಂದ ಹಿಡಿದಿಟ್ಟ ಹಾರುಬೂದಿಯಲ್ಲಿ ಶಾಖ ತಡೆಯುವ ಹಗುರ ಬ್ಲಾಕ್ ಮಾಡಲು ಹೊರಟಾಗ ಕೆಮಿಸ್ಟ್ರಿಯೇ ಕಷ್ಟ ಅಂದುಕೊಂಡಿದ್ದೆ. ಅದು ಸಲೀಸಾಗಿ ಆಯಿತು. ಸತಾಯಿಸಿದ್ದು ಗುಳ್ಳೆಗಳು.

ಬೂದಿಯಲ್ಲಿ ಜಾಸ್ತಿ ಇರುವುದು ಸಿಲಿಕಾ, ಅಲ್ಯೂಮಿನಾ. ಕಾಸ್ಟಿಕ್ ಸೋಡಾ ದ್ರಾವಣ, ಸೋಡಿಯಂ ಸಿಲಿಕೇಟ್ ಹಾಕಿ ಕಲಸಿದರೆ ಸಿಮೆಂಟ್ ಇಲ್ಲದೆಯೇ ಗಟ್ಟಿಯಾಗುತ್ತದೆ. ಇದೇ ಜಿಯೋಪಾಲಿಮರ್. ನಾನು ತೆಗೆದುಕೊಂಡಿದ್ದು 8 ಮೋಲಾರ್, ಅಂದರೆ ಒಂದು ಲೀಟರ್ ದ್ರಾವಣಕ್ಕೆ 320 ಗ್ರಾಂ ಕಾಸ್ಟಿಕ್. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ಒಳಗೆ ಗುಳ್ಳೆ ಎದ್ದು ಮಿಶ್ರಣ ಉಬ್ಬಲಿ ಅಂತ ಮೊದಲು ಅಲ್ಯೂಮಿನಿಯಂ ಪುಡಿ ಹಾಕಿದೆ. ಉಬ್ಬಿತು, ಆದರೆ ಹೊರಬರುವುದು ಹೈಡ್ರೋಜನ್, ಒಂದು ಕಿಡಿ ತಾಗಿದರೆ ಕಥೆ ಮುಗೀತು ಅಲ್ವಾ? ಅದನ್ನು ಬಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಿಡಿದೆ. ಅದು ಕ್ಷಾರದಲ್ಲಿ ಒಡೆದು ಆಮ್ಲಜನಕ ಬಿಡುತ್ತದೆ. ಅಚ್ಚಿನಲ್ಲಿ ಚೆಂದಕ್ಕೆ ಮೇಲೇರಿ, ನೋಡನೋಡುತ್ತಿದ್ದಂತೆ ಕುಸಿಯಿತು. ಗುಳ್ಳೆ ಒಡೆಯದಿರಲಿ ಅಂತ ಸೋಪಿನಂಥ ನೊರೆಕಾರಕ ಸೇರಿಸಿದೆ. ಆಗಲೂ ಕುಸಿಯಿತು. ಪ್ರಮಾಣ ಹೆಚ್ಚಿಸಿದೆ, ಕಲಸುವ ವೇಗ ಬದಲಿಸಿದೆ, ಸುಮ್ನೆ ವಾರಗಟ್ಟಲೆ ಹಾಳಾಯಿತು.

ಕೊನೆಗೆ ಬೇರೆ ಚೀಲದ ಬೂದಿ ಹಾಕಿದಾಗ ಅದೇ ಅಳತೆಯಲ್ಲಿ ಬ್ಲಾಕ್ ನಿಂತಿತು. ಹಳೆಯ ಬೂದಿ ಕಪ್ಪಗಿತ್ತು, ಇದು ತಿಳಿ ಬೂದು ಬಣ್ಣ. ಸುಡದೆ ಉಳಿದ ಇಂಗಾಲ ನೊರೆಕಾರಕವನ್ನೆಲ್ಲ ಹೀರಿಕೊಂಡು ಗುಳ್ಳೆಗೆ ಏನೂ ಉಳಿಸುತ್ತಿರಲಿಲ್ಲ. ಈಗ ಪ್ರತಿ ಚೀಲದಿಂದ ಒಂದಿಷ್ಟು ಒಣ ಬೂದಿ ತೂಗಿ, ಕುಲುಮೆಯಲ್ಲಿ 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಮತ್ತೆ ತೂಗುತ್ತೇನೆ. ತೂಕ ಶೇ. 6ಕ್ಕಿಂತ ಜಾಸ್ತಿ ಇಳಿದರೆ ಆ ಚೀಲ ನೊರೆ ಬ್ಲಾಕಿಗೆ ಬೇಡ.

ಅಚ್ಚುಗಳನ್ನು ಗಾಳಿಯಾಡದಂತೆ ಮುಚ್ಚಿ 60 ಡಿಗ್ರಿಯಲ್ಲಿ ಒಂದು ದಿನ ಇಡುತ್ತೇನೆ. ಮುಚ್ಚದಿದ್ದರೆ ಮೇಲ್ಮೈ ಬೇಗ ಒಣಗಿ ಬಿರುಕು ಬಿಡುತ್ತದೆ.

ಇನ್ನೊಂದು ತಲೆನೋವು ನೀರು. ಶಾಖ ತಡೆಯುವುದು ಬೂದಿಯಲ್ಲ, ಗುಳ್ಳೆಯೊಳಗೆ ಅಲುಗಾಡದೆ ನಿಂತ ಗಾಳಿ. ಗಾಳಿಗಿಂತ ನೀರು ಸುಮಾರು 20 ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ, ಹಾಗಾಗಿ ನೆನೆದ ಬ್ಲಾಕ್ ದಂಡ. ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿದ್ದರೆ ನೀರು ಒಳಕ್ಕೆ ಓಡುತ್ತದೆ, ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳೇ ಬೇಕು. ಜೊತೆಗೆ ಉಳಿದ ಸೋಡಿಯಂ ಹೊರಬಂದು ಬಿಳಿ ಪುಡಿ ಕಟ್ಟುತ್ತದೆ. ತೊಳೆದೆ, ಮತ್ತೆ ಬಂತು. ಈಗ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ನೋಡುತ್ತಿದ್ದೇನೆ.