ಯಾರದೋ ಹೊಲದಲ್ಲಿ ಹೀಗೆ ನಡೆಯಬಹುದಾ? ಕ್ಯಾಸಲ್‌ಟನ್ನಿನಿಂದ ಒಂದು ಸುತ್ತು

ಹೊಸದಾಗಿ ಇಂಗ್ಲೆಂಡಿಗೆ ಬಂದವರನ್ನು ಹಳ್ಳಿ ಕಡೆ ನಡೆಯಲು ಕರೆದುಕೊಂಡು ಹೋದರೆ, ಮೊದಲ ಗೇಟಿನ ಹತ್ತಿರವೇ ಅವರ ಕಾಲು ನಿಲ್ಲುತ್ತದೆ. "ಇದು ಯಾರದೋ ಜಮೀನು ಅಲ್ವಾ? ಬೈದರೆ?"

ಜಮೀನು ಬೇರೆಯವರದೇ. ಆದರೆ ಅದರ ಮಧ್ಯೆ ಹೋಗುವ ಕಾಲುದಾರಿಯಲ್ಲಿ ನಡೆಯುವ ಹಕ್ಕು ನಿಮ್ಮದು. ನೀವು ಬಂದು ಒಂದೇ ವಾರವಾಗಿದ್ದರೂ ಸರಿ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಪಬ್ಲಿಕ್ ಫುಟ್‌ಪಾತ್, ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಅಲ್ಲಿ ಕುದುರೆ, ಸೈಕಲ್ ಕೂಡ ಬರುತ್ತವೆ. ಬಾಣ ತೋರಿಸಿದ ಕಡೆ ಹೋಗಿ. ರೈತರು ಎದುರಾದರೆ "ಮಾರ್ನಿಂಗ್" ಅನ್ನಿ, ಅವರೂ ಅನ್ನುತ್ತಾರೆ, ಅಷ್ಟೇ. ಇದನ್ನು ಕಲಿಯಲು ಡರ್ಬಿಶೈರಿನ ಕ್ಯಾಸಲ್‌ಟನ್ ಹಳ್ಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿಂದ ಮ್ಯಾಮ್ ಟಾರ್ ಬೆಟ್ಟ ಹತ್ತಿ, ಇನ್ನೊಂದು ದಾರಿಯಲ್ಲಿ ಇಳಿದು, ಹೊರಟಲ್ಲಿಗೇ ಬರಬಹುದು. ಒಟ್ಟು ಸುಮಾರು 9–10 ಕಿಲೋಮೀಟರ್. ಊಟ, ಫೋಟೋ ಎಲ್ಲ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ಮಧ್ಯೆ ಓಡುವ ರೈಲುಗಳಲ್ಲಿ ಹೋಪ್ ಸ್ಟೇಷನ್ನಿನಲ್ಲಿ ನಿಲ್ಲುವುದನ್ನು ಹಿಡಿಯಿರಿ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಕ್ಯಾಸಲ್‌ಟನ್ ಸುಮಾರು 4 ಕಿಲೋಮೀಟರ್. ಶೆಫೀಲ್ಡಿನಿಂದ ಬಸ್ಸೂ ಇದೆ. ಕಾರಿನಲ್ಲಿ ಬರುವವರು ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ಬೇಗ ಬನ್ನಿ, ಪಾರ್ಕಿಂಗ್ ಬೇಗ ತುಂಬುತ್ತದೆ. ಹಳ್ಳಿಯಲ್ಲೇ ಪಾರ್ಕಿಂಗ್, ಟಾಯ್ಲೆಟ್ ಎರಡೂ ಇವೆ. ಮೇಲೆ ಟಾಯ್ಲೆಟ್ ಇಲ್ಲ, ಮರದ ಮರೆಯೂ ಇಲ್ಲ. ಮಕ್ಕಳಿದ್ದರೆ ಇಲ್ಲೇ ಮುಗಿಸಿ ಹೊರಡಿ.

ಮ್ಯಾಮ್ ಟಾರ್ ಎತ್ತರ 517 ಮೀಟರ್ ಅಂದರೆ ನಮ್ಮವರಿಗೆ ನಗು ಬರುತ್ತದೆ. ಮುಳ್ಳಯ್ಯನಗಿರಿ 1930 ಮೀಟರ್ ಇದೆ, ಇದ್ಯಾವ ಲೆಕ್ಕ ಅಂತ. ಆದರೆ ಇಲ್ಲಿ ಎತ್ತರಕ್ಕಿಂತ ಗಾಳಿಯ ಕಾಟ ಜಾಸ್ತಿ. ಕೆಳಗೆ ಟೀಶರ್ಟ್ ಸಾಕು ಅನ್ನಿಸಿದ ದಿನ ಮೇಲೆ ಕಿವಿ ಜುಂ ಅನ್ನುತ್ತದೆ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮಳೆ ತಡೆಯುವ ಜಾಕೆಟ್, ಹಿಡಿತ ಇರುವ ಬೂಟು, ಒಂದು ಟೋಪಿ ಬೇಕು. ಛತ್ರಿ ಮನೆಯಲ್ಲೇ ಇರಲಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಅದಕ್ಕೆ ಆಗ ಬೆಳಿಗ್ಗೆಯೇ ಹೊರಡಿ.

ಫೋನ್ ಸಿಗ್ನಲ್ ನಂಬಬೇಡಿ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ, ನಂಬರ್ ಓಎಲ್1, ತೆಗೆದುಕೊಳ್ಳಿ, ಇಲ್ಲವೇ ಅವರ ಆ್ಯಪಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಅದರಲ್ಲಿ ಹಸಿರು ಗೀಟುಗಳೇ ನಿಮ್ಮ ದಾರಿಗಳು. ಅನಾಹುತವಾದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಸೀದಾ ಆಂಬುಲೆನ್ಸ್ ಕೇಳುವುದು ನಮ್ಮ ಅಭ್ಯಾಸ, ಬೆಟ್ಟದ ಮೇಲೆ ಅದು ಸರಿಯಾದ ಕ್ರಮವಲ್ಲ.

ಹಳ್ಳಿಯಿಂದ ಉತ್ತರಕ್ಕೆ ಹಾಲೋಫರ್ಡ್ ರೋಡ್ ಹಿಡಿದು ಹೊರಡಿ. ಮನೆಗಳು ಮುಗಿದು ಹೊಲ ಶುರುವಾಗುತ್ತದೆ. ಗೇಟುಗಳು ಸಿಗುತ್ತವೆ. ಒಂದೇ ನಿಯಮ: ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ರೈತರು ನೀರಿಗೋ ಮೇವಿಗೋ ಅಂತ ಬೇಕೆಂದೇ ತೆರೆದಿಟ್ಟಿರಬಹುದು. ಕಿಸ್ಸಿಂಗ್ ಗೇಟ್ ಅಂತ ಒಂದು ಸಿಗುತ್ತದೆ. ಅರ್ಧ ಸುತ್ತಿನ ಕಟಕಟೆಯೊಳಗೆ ಒಂದು ಬಾಗಿಲು ಆಡುತ್ತದೆ. ಬಾಗಿಲು ತಳ್ಳಿ ಒಳಗೆ ಬಂದು, ಮೂಲೆಗೆ ಒತ್ತಿಕೊಂಡು ನಿಂತು, ಬಾಗಿಲನ್ನು ನಿಮ್ಮ ಮುಂದಿನಿಂದ ಆಚೆಗೆ ತಳ್ಳಿ ಹೊರಗೆ ಹೋಗಬೇಕು. ಬೆನ್ನಿಗೆ ದೊಡ್ಡ ಬ್ಯಾಗ್ ಇದ್ದರೆ ಸಿಕ್ಕಿಕೊಳ್ಳುತ್ತದೆ, ತಲೆಮೇಲೆ ಎತ್ತಿ ಹಿಡಿಯಿರಿ. ಮಗುವಿನ ತಳ್ಳುಗಾಡಿ ತರುವ ಆಸೆ ಬಿಡಿ.

ದನಗಳ ವಿಷಯ ಬೇರೆಯೇ ಹೇಳಬೇಕು. ದನದ ಬೆನ್ನು ತಟ್ಟಿ, ಹಣೆ ಮುಟ್ಟಿ ನಮಸ್ಕಾರ ಮಾಡಿ ಬೆಳೆದ ನಮಗೆ ಹೆದರಿಕೆ ಇರುವುದಿಲ್ಲ. ಅದೇ ತೊಂದರೆ. ಇಲ್ಲಿ ಹೊಲದಲ್ಲಿರುವ ದನಗಳಿಗೆ ಅಪರಿಚಿತರ ಸಲಿಗೆ ಗೊತ್ತಿಲ್ಲ. ಕರು ಜೊತೆಗಿದ್ದರಂತೂ ಮೇಲೆ ಬೀಳುತ್ತವೆ. ಹತ್ತಿರ ಹೋಗಬೇಡಿ, ಸೆಲ್ಫಿ ಬೇಡ, ದೂರದಿಂದ ಸುತ್ತಿ ಹೋಗಿ. ಕುರಿಗಳು ಸಾಧು, ಅವೇ ಓಡಿಹೋಗುತ್ತವೆ.

ಹಾಲಿನ್ಸ್ ಕ್ರಾಸ್‌ವರೆಗೆ ಏರು ಸ್ವಲ್ಪ ಉಸಿರು ತೆಗೆಯುತ್ತದೆ. ಅಲ್ಲಿ ನೀವು ಗ್ರೇಟ್ ರಿಜ್ ಎಂಬ ಬೆಟ್ಟದ ಉದ್ದನೆಯ ಏಣಿನ ಮೇಲೆ ನಿಂತಿರುತ್ತೀರಿ. ಹಿಂದೆ ಹೋಪ್ ಕಣಿವೆ, ಸಿಮೆಂಟ್ ಕಾರ್ಖಾನೆಯ ಚಿಮಣಿ ಸಮೇತ. ಮುಂದೆ ಈಡೇಲ್ ಕಣಿವೆ, ಅದರಾಚೆ ಕಪ್ಪಗೆ ಚಪ್ಪಟೆಯಾಗಿ ಮಲಗಿದ ಕಿಂಡರ್ ಸ್ಕೌಟ್. ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ. ಒಂದು ಕಾಲದಲ್ಲಿ ಆ ಕಿಂಡರ್ ಜಮೀನುದಾರರ ಬೇಟೆಯ ಜಾಗ. ಸಾಮಾನ್ಯರು ಕಾಲಿಟ್ಟರೆ ಕಾವಲುಗಾರರು ಓಡಿಸುತ್ತಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗರು, ಬೇಕೆಂದೇ ನುಗ್ಗಿ ಹತ್ತಿದರು. ಐದು ಜನ ಜೈಲಿಗೆ ಹೋದರು. 1951ರಲ್ಲಿ ಈ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆಯಿತು. 2000ದ ಕಾನೂನು ಗುಡ್ಡ, ಬಯಲುಗಳಲ್ಲಿ ಅಲೆದಾಡುವ ಹಕ್ಕು ಕೊಟ್ಟಿತು. ಗೇಟಿನ ಹತ್ತಿರ ಅಳುಕುವವರಿಗೆ ನಾನು ಯಾವಾಗಲೂ ಹೇಳುವುದು ಈ ಕಥೆಯನ್ನೇ. ಈ ಹಕ್ಕಿಗಾಗಿ ಇಲ್ಲಿನವರೂ ಜಗಳವಾಡಿದ್ದಾರೆ.

ಹಾಲಿನ್ಸ್ ಕ್ರಾಸಿನಿಂದ ಎಡಕ್ಕೆ. ಕಲ್ಲುಹಾಸಿನ ದಾರಿ, ತಪ್ಪುವ ಪ್ರಶ್ನೆಯೇ ಇಲ್ಲ. ಎದುರುಗಾಳಿ ಮಾತ್ರ ಇರುತ್ತದೆ. ಮ್ಯಾಮ್ ಟಾರಿನ ತುದಿಯಲ್ಲಿ ಸರ್ವೆ ಕಂಬ, ಸುತ್ತ ಸುಮಾರು 3000 ವರ್ಷ ಹಳೆಯ ಕೋಟೆಯ ಮಣ್ಣಿನ ದಿಬ್ಬ. ಬುತ್ತಿ ಬಿಚ್ಚಲು ಗಾಳಿಗೆ ಬೆನ್ನು ಕೊಟ್ಟು ಕೂರಿ. ಚಪಾತಿ ಸುರುಳಿ ಒಳ್ಳೆಯದು, ಚಿತ್ರಾನ್ನ ಹಾರಿಹೋಗುತ್ತದೆ. ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತನ್ನಿ, ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ.

ಮೆಟ್ಟಿಲಿಳಿದರೆ ಮ್ಯಾಮ್ ನಿಕ್ ರಸ್ತೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಪೂರ್ತಿ ಸುತ್ತು ಕಷ್ಟ ಅನ್ನಿಸಿದರೆ, ಕಾರನ್ನು ಇಲ್ಲಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಈ ಮೆಟ್ಟಿಲು ಹತ್ತಿಸಿದರೆ ಸಾಕು. ಚಪ್ಪಲಿ ಮಾತ್ರ ಬೇಡ ಅಂತ ಒಪ್ಪಿಸಿ.

ಅಲ್ಲಿಂದ ಬ್ಲೂ ಜಾನ್ ಗುಹೆ ದಾಟಿ ಮುರಿದ ರಸ್ತೆಗೆ ಬನ್ನಿ. ನನಗೆ ಇಡೀ ಸುತ್ತಿನಲ್ಲಿ ಇಷ್ಟದ ಜಾಗ ಇದೇ. ಮ್ಯಾಮ್ ಟಾರಿನಲ್ಲಿ ಮರಳುಗಲ್ಲು, ಜೇಡಿಗಲ್ಲು ಒಂದರ ಮೇಲೊಂದು ಕೂತಿವೆ. ನೀರಿಳಿದರೆ ಜಾರುತ್ತವೆ. ಅದರ ಬುಡದಲ್ಲೇ ಹೆದ್ದಾರಿ ಮಾಡಿದ್ದರು. ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಮುಚ್ಚಿದರು. ಈಗ ಡಾಂಬರು ಆಳೆತ್ತರಕ್ಕೆ ಕುಸಿದು, ನಡುವಿನ ಬಿಳಿ ಗೆರೆ ಓರೆಯಾಗಿ ಕೆಳಗೆ ಹೋಗಿದೆ. ಬಿರುಕಿನಲ್ಲಿ ಬಗ್ಗಿ ನೋಡಿದರೆ ಪ್ರತಿ ಸಲದ ರಿಪೇರಿಯೂ ಚಿರೋಟಿಯ ಪದರದ ಹಾಗೆ ಕಾಣುತ್ತದೆ. ಅಂಚಿಗೆ ಮಕ್ಕಳನ್ನು ಬಿಡಬೇಡಿ. ಮುಂದೆ ಓಡಿನ್ ಎಂಬ ಹಳೆಯ ಸೀಸದ ಗಣಿ, ಅಲ್ಲಿಂದ ಹಳ್ಳಿಗೆ ಸಮತಟ್ಟು ದಾರಿ. ವಿನ್ನಟ್ಸ್ ಪಾಸ್ ಕಣಿವೆಯ ಮೂಲಕವೂ ಇಳಿಯಬಹುದು. ನೋಟ ಚಂದ, ಆದರೆ ಕಾರುಗಳ ಜೊತೆ ಇಳಿಯಬೇಕು, ಮಕ್ಕಳಿದ್ದರೆ ನಾನು ಆ ಕಡೆ ಹೋಗುವುದಿಲ್ಲ.

ಹಳ್ಳಿಯ ಪಬ್ಬಿಗೆ ಕುಡಿಯದವರೂ ಧಾರಾಳವಾಗಿ ಹೋಗಬಹುದು. ಬಾಗಿಲಲ್ಲಿ ಬೂಟಿನ ಕೆಸರು ಒರೆಸಿ, ಕೌಂಟರಿಗೆ ಹೋಗಿ ನೀವೇ ಆರ್ಡರ್ ಮಾಡಿ, ಟೇಬಲ್ಲಿಗೆ ಯಾರಾದರೂ ಬರುತ್ತಾರೆ ಅಂತ ಕಾಯಬೇಡಿ. ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಸಸ್ಯಾಹಾರಿಗಳು ಕೇಳುವುದು ಒಳ್ಳೆಯದು, ಕೆಲವು ಕಡೆ ದನದ ಕೊಬ್ಬು ಬಳಸುತ್ತಾರೆ. ಕೂರುವ ಮೊದಲು ವಾಪಸ್ ಬಸ್ಸಿನ ಸಮಯ ನೋಡಿಕೊಳ್ಳಿ. ಸಂಜೆಯ ಬಸ್ಸು ತಪ್ಪಿದರೆ ಹೋಪ್ ಸ್ಟೇಷನ್ನಿಗೆ ನಡೆದೇ ಹೋಗಬೇಕಾಗುತ್ತದೆ.